ಚೆಕಾವನ ‘ಸಖಾಲಿನ್ ದ್ವೀಪ’ವೂ ಜನಪದಲಕ್ಷಣವೂ

೧

ರಷ್ಯಾ ದೇಶದ ಆಂಟನ್ ಚೆಕಾವನು (೧೮೬೦–೧೯೦೪) ಸಣ್ಣಕಥೆಗಳ ಕರ್ತೃವೆಂದೂ ನಾಟಕಕಾರನೆಂದೂ ಕನ್ನಡ ವಾಚಕರಿಗೆ ಪರಿಚಿತನು. ಆತನ ಕೃತಿಗಳಲ್ಲೆಲ್ಲ ಗಾತ್ರದಿಂದ ದೊಡ್ಡದೂ, ರಚನೆಗೆ ಅತ್ಯಧಿಕವಾದ ಪರಿಶ್ರಮವನ್ನು ಬೇಡಿದುದೂ ಆದ ‘ಸಖಾಲಿನ್ ದ್ವೀಪ’ವೆಂಬ ಗ್ರಂಥವನ್ನು ಓದಿದವರಾದರೋ ವಿರಳ. ಇದು ೧೮೯೩–೯೪ರಲ್ಲಿ ‘ರೂಸ್ಕಯ ಮೀಸ್ಲ್’ ಎಂಬ ಮಾಸಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಪ್ರಕಟವಾಗಿ, ೧೮೯೫ರಲ್ಲಿ ಪುಸ್ತಕರೂಪವನ್ನು ತಾಳಿತು. ಇದರಲ್ಲಿ ಇಪ್ಪತ್ತಮೂರು ಅಧ್ಯಾಯಗಳಿವೆ. ಇದು ಕಥೆಯೂ ಅಲ್ಲ, ಕಾದಂಬರಿಯೂ ಅಲ್ಲ. ರಷ್ಯಾ ಚಕ್ರಾಧಿಪತ್ಯದ ಪೂರ್ವದಿಕ್ಕಿನ ಕಟ್ಟಕಡೆಯಲ್ಲಿದ್ದ, ಜನವಿರಳವಾದ ಒಂದು ಸೀಮೆಯ ನೆಲ, ಹವೆ, ಗ್ರಾಮಗಳು, ಅಧಿಕಾರವ್ಯವಸ್ಥೆ, ಸೆರೆಮನೆ, ಬೇಸಾಯ, ಆಹಾರ, ರೋಗ, ಮರಣ ಇವುಗಳ ನಿರೂಪಣವೇ ಇದರ ವಸ್ತು.

ಈ ಗ್ರಂಥವನ್ನು ಕುರಿತು ಎರಡು ಪಕ್ಷಗಳನ್ನು ಕಲ್ಪಿಸಬಹುದು. ಕಥಾಕಾರನ ಜೀವನದಲ್ಲಿ ಇದೊಂದು ಅಡ್ಡದಾರಿ, ಅಂಕಿಸಂಖ್ಯೆಗಳು ತುಂಬಿರುವ ಇಂತಹ ಬರಹದಲ್ಲಿ ರಸಕ್ಕೆ ಅವಕಾಶವಿಲ್ಲ ಎಂಬುದು ಮೊದಲನೆಯ ಪಕ್ಷ. ಇದು ಲೋಕೋಪಕಾರಕ್ಕಾಗಿ ಬರೆದ ವರದಿ, ಇದು ವರ್ಣಿಸುವ ದಂಡನವ್ಯವಸ್ಥೆಯು ಇಲ್ಲವಾದ ಕೂಡಲೇ ಇದರ ಪ್ರಯೋಜನವೂ ಮುಗಿಯಿತು ಎಂಬುದು ಎರಡನೆಯದು. ಒಂದು ನಿಂದೆ, ಇನ್ನೊಂದು ಹೊಗಳಿಕೆ. ಆದರೂ ಎರಡಕ್ಕೂ ಆಧಾರವಾದ ನಂಬಿಕೆಯೊಂದೇ. ಎಣಿಕೆಯಿರುವಲ್ಲಿ ಕಾವ್ಯವಿರದು, ಕಾವ್ಯವಿರುವಲ್ಲಿ ಎಣಿಕೆಯಿರದು ಎಂಬುದೇ ಆ ನಂಬಿಕೆ. ಇದು ನಿಲ್ಲುವುದೋ ಬೀಳುವುದೋ ಎಂಬುದನ್ನು ಗ್ರಂಥದ ಒಳಗಿನಿಂದಲೇ ಪರೀಕ್ಷಿಸುವುದು ಉಚಿತ.

೨

ಮೊದಲು ಪ್ರದೇಶದ ಸ್ಥಿತಿಯನ್ನು ತಿಳಿಯಬೇಕು. ಸಖಾಲಿನ್ ಎಂಬುದು ಏಷ್ಯಾಖಂಡದ ಪೂರ್ವತೀರಕ್ಕೆ ಎದುರಾಗಿ, ಅಮೂರ್ ನದಿಯ ಮುಖದ ಬಳಿಯಿಂದ ಜಪಾನಿನ ಹೊಕ್ಕೈಡೊ ದ್ವೀಪದ ಸಮೀಪದವರೆಗೆ ಉತ್ತರದಕ್ಷಿಣವಾಗಿ ಚಾಚಿಕೊಂಡಿರುವ ನೀಳವಾದ ದ್ವೀಪ. ಉದ್ದ ಸುಮಾರು ೯೫೦ ಕಿಲೋಮೀಟರು. ವಿಸ್ತೀರ್ಣ ೭೦,೦೦೦ ಚದರ ಕಿಲೋಮೀಟರಿಗೂ ಮಿಕ್ಕುದು. ಭೂಖಂಡದಿಂದ ಇದನ್ನು ಬೇರ್ಪಡಿಸುವ ಜಲಸಂಧಿಯು ಅತ್ಯಂತ ಕಿರಿದಾದ ಎಡೆಯಲ್ಲಿ ಸುಮಾರು ೭ ಕಿಲೋಮೀಟರು ಮಾತ್ರ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುವುದರಿಂದ ಜಾರುಬಂಡಿಯಲ್ಲಿ ದಾಟಬಹುದು.

ಇದು ದ್ವೀಪವೋ ಪರ್ಯಾಯದ್ವೀಪವೋ ಎಂಬ ಸಂದೇಹವು ಬಹುಕಾಲ ಉಳಿದಿತ್ತು. ೧೭೮೭ರಲ್ಲಿ ಫ್ರಾನ್ಸಿನ ಲಾ ಪೆರೂಸ್, ೧೭೯೭ರಲ್ಲಿ ಇಂಗ್ಲೆಂಡಿನ ಬ್ರೌಟನ್, ೧೮೦೫ರಲ್ಲಿ ರಷ್ಯದ ಕ್ರೂಜನ್‌ಷ್ಟರ್ನ್ ಈ ಮೂವರೂ ಜಲಸಂಧಿಯನ್ನು ದಾಟದೆ ಹಿಂದಿರುಗಿದರು. ೧೮೦೮–೦೯ರಲ್ಲಿ ಜಪಾನಿನ ಮಾಮಿಯಾ ರಿನ್ಜೋ ಇದು ದ್ವೀಪವೆಂದು ಕಂಡುಕೊಂಡನು. ೧೮೪೯ರಲ್ಲಿ ನೆವೆಲ್‌ಸ್ಕೊಯ್ ಎಂಬ ನಾವಿಕನು ರಷ್ಯದವರಿಗೆ ಅದನ್ನು ನಿಶ್ಚಯಪಡಿಸಿದನು. ಚೆಕಾವನು ಈ ವೃತ್ತಾಂತವನ್ನು ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಹೇಳುವನು. ಇದು ಕೇವಲ ಪೀಠಿಕೆಯಲ್ಲ. ದೂರದ ಸೀಮೆಯ ವಿಷಯದಲ್ಲಿ ಪಟವೂ ತಪ್ಪುವುದು, ಪ್ರಸಿದ್ಧರೂ ತಪ್ಪುವರು, ಆ ತಪ್ಪು ಅರ್ಧಶತಮಾನ ಬಾಳುವುದು ಎಂಬ ಎಚ್ಚರಿಕೆಯು ವಾಚಕನಿಗೆ ಆರಂಭದಲ್ಲಿಯೇ ದೊರೆಯುತ್ತದೆ. ಆಪ್ತವಾಕ್ಯವೆಂದು ನಂಬಿದುದನ್ನು ಪ್ರತ್ಯಕ್ಷದಿಂದ ಶೋಧಿಸಬೇಕೆಂಬುದು ಮುಂದಿನ ಇಪ್ಪತ್ತೆರಡು ಅಧ್ಯಾಯಗಳ ಪ್ರತಿಜ್ಞೆ. ಅದನ್ನು ಪ್ರತಿಜ್ಞೆಯಾಗಿ ಹೇಳದೆ ವೃತ್ತಾಂತವಾಗಿ ಹೇಳಿದೆ.

೧೮೫೫ರ ಒಪ್ಪಂದದಂತೆ ದ್ವೀಪವು ರಷ್ಯಕ್ಕೂ ಜಪಾನಿಗೂ ವಿಭಾಗವಾಗದೆ ಉಳಿದಿತ್ತು. ೧೮೭೫ರಲ್ಲಿ ಜಪಾನು ಕುರಿಲ್ ದ್ವೀಪಗಳನ್ನು ಪಡೆದು ಸಖಾಲಿನನ್ನು ರಷ್ಯಕ್ಕೆ ಬಿಟ್ಟುಕೊಟ್ಟಿತು. ೧೮೬೦ರ ದಶಕದ ಕೊನೆಯಿಂದ ರಷ್ಯ ಸರ್ಕಾರವು ಕಠಿಣಶಿಕ್ಷೆಗೆ ಗುರಿಯಾದವರನ್ನು ಇಲ್ಲಿಗೆ ಕಳುಹುವ ಪದ್ಧತಿಯನ್ನು ಬೆಳೆಸಿತು. ಉದ್ದೇಶಗಳು ಎರಡು. ಅಪರಾಧಿಗಳನ್ನು ದಂಡಿಸುವುದು ಒಂದು. ಬರಿದಾದ ನೆಲದಲ್ಲಿ ಒಕ್ಕಲನ್ನು ನಿಲ್ಲಿಸುವುದು ಇನ್ನೊಂದು. ಈ ಎರಡು ಉದ್ದೇಶಗಳೂ ಒಂದೇ ಕೈಯಿಂದ, ಒಂದೇ ನೆಲದಲ್ಲಿ ನೆರವೇರುವುವೇ ಎಂಬುದೇ ಗ್ರಂಥದ ಮೂಲಪ್ರಶ್ನೆ.

ಚೆಕಾವನು ಹೋದಾಗ ದ್ವೀಪವನ್ನು ಅಲೆಕ್ಸಾಂದ್ರೊವ್‌ಸ್ಕ್, ತೀಮೊವ್‌ಸ್ಕ್, ಕೊರ್ಸಕೊವ್ ಎಂದು ಮೂರು ಜಿಲ್ಲೆಗಳಾಗಿ ವಿಂಗಡಿಸಿತ್ತು. ಮೊದಲೆರಡು ಉತ್ತರದಲ್ಲಿ, ಮೂರನೆಯದು ದಕ್ಷಿಣದಲ್ಲಿ. ದ್ವೀಪಾಧಿಕಾರಿಯಾಗಿ ಕೊನೊನೊವಿಚ್ ಎಂಬ ಸೇನಾನಿಯಿದ್ದನು. ಆತನ ಮೇಲೆ ಅಮೂರ್ ಪ್ರಾಂತದ ಮಹಾಮಂಡಲಾಧಿಪತಿ. ಆತನ ಕೆಳಗೆ ಜಿಲ್ಲೆಯ ಮುಖ್ಯಸ್ಥರು, ಸೆರೆಮನೆಯ ಅಧಿಕಾರಿಗಳು, ಗ್ರಾಮಗಳ ಮೇಲ್ವಿಚಾರಕರು. ಜನರಲ್ಲಿಯೂ ಶ್ರೇಣಿಯುಂಟು. ಶಿಕ್ಷೆಯ ಅವಧಿಯಲ್ಲಿರುವವನು ಕೈದಿ. ಅವಧಿ ತೀರಿದ ಮೇಲೆ ಆತನು ಗ್ರಾಮವೊಂದರಲ್ಲಿ ನೆಲೆಗೊಳಿಸಲ್ಪಟ್ಟ ಒಕ್ಕಲಿಗ. ಹತ್ತು ವರ್ಷ ಹಾಗೆ ಕಳೆದ ಮೇಲೆ, ಕೆಲವೆಡೆ ಅದಕ್ಕೂ ಮುಂಚೆ, ಆತನಿಗೆ ರೈತನೆಂಬ ಪದವಿ. ಆಗ ಆತನು ದ್ವೀಪವನ್ನು ಬಿಟ್ಟು ಭೂಖಂಡಕ್ಕೆ ಹೋಗಬಹುದು; ಹುಟ್ಟೂರಿಗೆ ಮಾತ್ರ ಹಿಂದಿರುಗುವಂತಿಲ್ಲ.

೩

ಸೈಬೀರಿಯದ ರೈಲುದಾರಿಯ ಕೆಲಸವು ಆರಂಭವಾದುದು ೧೮೯೧ರಲ್ಲಿ. ಚೆಕಾವನು ಹೊರಟುದು ಅದಕ್ಕೆ ಒಂದು ವರ್ಷ ಮೊದಲು, ೧೮೯೦ರ ಏಪ್ರಿಲ್ ೨೧ರಂದು. ಈ ದಿನಾಂಕಗಳೆಲ್ಲ ರಷ್ಯದ ಹಳೆಯ ಪಂಚಾಂಗದವು. ಕುದುರೆಗಾಡಿಯಲ್ಲಿಯೂ ಹಬೆಹಡಗಿನಲ್ಲಿಯೂ ಸೈಬೀರಿಯವನ್ನು ದಾಟಿ ಜುಲೈ ೧೧ರಂದು ದ್ವೀಪವನ್ನು ಮುಟ್ಟಿ, ಅಕ್ಟೋಬರ್ ೧೩ರಂದು ಅಲ್ಲಿಂದ ಹೊರಟನು. ಹಿಂದಿರುಗುವಾಗ ಹಾಂಕಾಂಗ್, ಸಿಂಗಪುರ, ಸಿಂಹಳಗಳ ಮಾರ್ಗವಾಗಿ ಬಂದನು. ಆತನು ವೃತ್ತಿಯಿಂದ ವೈದ್ಯನು. ರಾಜಕೀಯ ಕೈದಿಗಳೊಡನೆ ಸಂಪರ್ಕವೊಂದನ್ನುಳಿದು ಮಿಕ್ಕುದೆಲ್ಲಕ್ಕೂ ಅಮೂರ್ ಪ್ರಾಂತದ ಮಹಾಮಂಡಲಾಧಿಪತಿಯು ಆತನಿಗೆ ಅನುಮತಿಯನ್ನಿತ್ತನು.

ದ್ವೀಪದಲ್ಲಿ ಆತನು ಕೈಕೊಂಡ ಕಾರ್ಯವು ಖಾನೇಷುಮಾರಿ. ಸ್ಥಳೀಯ ಪೋಲೀಸ್ ಕಚೇರಿಯ ಅಚ್ಚುಕೂಟದಲ್ಲಿ ಚೀಟಿಗಳನ್ನು ಮುದ್ರಿಸಿಕೊಂಡು, ಗ್ರಾಮಗ್ರಾಮಕ್ಕೂ ಮನೆಮನೆಗೂ ಹೋಗಿ, ಒಬ್ಬೊಬ್ಬನಿಗೂ ಒಂದೊಂದರಂತೆ ತುಂಬಿದನು. ಗ್ರಾಮದ ಹೆಸರು, ಮನೆಯ ಸಂಖ್ಯೆ, ಕೈದಿಯೋ ಒಕ್ಕಲಿಗನೋ ಎಂಬ ಸ್ಥಿತಿ, ವ್ಯಕ್ತಿಯ ಹೆಸರು, ಮನೆಯ ಯಜಮಾನನೊಡನೆ ಸಂಬಂಧ, ವಯಸ್ಸು, ಮತ, ಹುಟ್ಟಿದೂರು, ದ್ವೀಪಕ್ಕೆ ಬಂದ ವರ್ಷ, ಕಸಬು, ಓದುಬರಹ, ವಿವಾಹ, ಸರ್ಕಾರದಿಂದ ಪಡೆಯುವ ನೆರವು ಎಂಬ ಹದಿಮೂರು ವಿಷಯಗಳು. ಹೀಗೆ ಸುಮಾರು ೧೦,೦೦೦ ಚೀಟಿಗಳಾದುವು. ಇದರಿಂದ ದೊರೆಯುವ ಫಲಿತಾಂಶಕ್ಕಿಂತ ಇದನ್ನು ಮಾಡುವಾಗ ಒದಗುವ ಅನುಭವವೇ ತನಗೆ ಮುಖ್ಯವೆಂದು ಆತನೇ ಗ್ರಂಥದಲ್ಲಿ ಒಪ್ಪಿಕೊಂಡಿದ್ದಾನೆ.

ಈ ಒಪ್ಪಿಗೆಯನ್ನು ಮೊದಲನೆಯ ಪಕ್ಷದವರು ತಮ್ಮ ಕಡೆಗೆ ಎಳೆದುಕೊಳ್ಳಬಹುದು: ಎಣಿಕೆಯು ನೆಪ, ಕಥೆಗಾರನಿಗೆ ಬೇಕಾದುದು ಮನೆಯೊಳಕ್ಕೆ ಹೋಗುವ ದಾರಿ ಎಂದು. ಇದು ಅರ್ಧಸತ್ಯ. ನೆಪವೇ ಆಗಿದ್ದರೆ ನೂರು ಚೀಟಿಗಳು ಸಾಕಾಗಿದ್ದುವು. ಹತ್ತು ಸಾವಿರ ಸಲ ಅದೇ ಹದಿಮೂರು ಪ್ರಶ್ನೆಗಳನ್ನು ಕೇಳಿದವನು ಆರಿಸಿಕೊಳ್ಳುವ ಅಧಿಕಾರವನ್ನು ತಾನಾಗಿ ಬಿಟ್ಟುಕೊಟ್ಟವನು. ಕಥೆಗಾರನು ಪಾತ್ರವನ್ನು ಆರಿಸುವನು. ಗಣಕನು ಆರಿಸುವಂತಿಲ್ಲ, ಮುಂದಿನ ಮನೆಯ ಬಾಗಿಲನ್ನು ತಟ್ಟಲೇಬೇಕು. ಸ್ವಾರಸ್ಯವಿಲ್ಲದವನಿಗೂ ಒಂದು ಚೀಟಿ, ಸುಳ್ಳು ಹೇಳುವವನಿಗೂ ಒಂದು ಚೀಟಿ. ತನ್ನ ಕುಲವೇ ನೆನಪಿಲ್ಲವೆಂಬ ಅರ್ಥದ ಅಡ್ಡಹೆಸರನ್ನೇ ಹೆಸರಾಗಿ ಬರೆಯಿಸಿದವರೂ ಅಲ್ಲಿದ್ದರು. ಅವರಿಗೂ ಒಂದೊಂದು ಚೀಟಿ. ಈ ಸಮದೃಷ್ಟಿಯು ಮುಂದೆ ಗ್ರಂಥದ ಶೈಲಿಯಾಗಿ ಪರಿಣಮಿಸಿತು.

೪

ಗ್ರಂಥದ ಕ್ರಮವನ್ನು ಕುರಿತು ಒಂದು ಆಕ್ಷೇಪವುಂಟು. ಮೊದಲ ಹದಿನಾಲ್ಕು ಅಧ್ಯಾಯಗಳು ಸ್ಥಳಕ್ರಮವನ್ನು ಅನುಸರಿಸುವುವು: ಲೇಖಕನು ನಡೆದಂತೆ ನದಿ, ಕಣಿವೆ, ಗ್ರಾಮ, ಸೆರೆಮನೆ ಒಂದಾದಮೇಲೊಂದು ಬರುವುವು. ಹದಿನೈದರಿಂದ ವಿಷಯಕ್ರಮ: ಒಕ್ಕಲುತನ, ಸ್ತ್ರೀಯರು, ಮಕ್ಕಳು, ಕಸಬು, ಆಹಾರ, ಅಧಿಕಾರಿಗಳು, ದಂಡನೆ, ಪಲಾಯನ, ರೋಗ, ಮರಣ. ಮೊದಲರ್ಧವು ಪ್ರವಾಸಕಥನ, ಉತ್ತರಾರ್ಧವು ಶಾಸ್ತ್ರ. ನಡುವೆ ಹೊಲಿಗೆ ಕಾಣುವುದು, ಏಕವಾಕ್ಯತೆಯಿಲ್ಲ ಎಂಬುದು ಆಕ್ಷೇಪ.

ಆದರೆ ಈ ಹೊಲಿಗೆಗೆ ಕಾರಣವಿದೆ. ಮೊದಲರ್ಧವನ್ನು ಓದುವವನಿಗೆ ಆರಂಭದಲ್ಲಿ ಒಂದೊಂದು ಗ್ರಾಮವೂ ಬೇರೆಯಾಗಿ ಕಾಣುವುದು: ಇಲ್ಲಿ ಕಲ್ಲಿದ್ದಲಿನ ಗಣಿ, ಅಲ್ಲಿ ಜೌಗುನೆಲ, ಇನ್ನೊಂದೆಡೆ ಸಾಲ್ಮನ್ ಮೀನು ತುಂಬಿ ಬರುವ ಹೊಳೆ. ನಾಲ್ಕಾರು ಅಧ್ಯಾಯಗಳು ಕಳೆಯುವಲ್ಲಿ ಭೇದವು ಕರಗತೊಡಗುವುದು. ಎಲ್ಲೆಲ್ಲಿಯೂ ಅದೇ ಅರೆಹೊಟ್ಟೆ, ಅದೇ ಒಡೆತನವಿಲ್ಲದ ಒಡೆಯ, ಇಲ್ಲಿಂದ ಹೋಗುವುದೆಂದು ಎಂಬ ಅದೇ ಪ್ರಶ್ನೆ. ದ್ವೀಪದ ಭೂಗೋಳವು ವಿವಿಧವಾದುದು, ಅಧಿಕಾರವಾದರೋ ಏಕರೂಪವಾದುದು. ವಿವಿಧವಾದುದನ್ನು ಏಕರೂಪವಾದುದು ನುಂಗಿದೆ. ಸ್ಥಳಕ್ರಮದಿಂದ ಹೇಳಬೇಕಾದುದು ಮುಗಿದುದರಿಂದಲೇ ವಿಷಯಕ್ರಮವು ಬರುವುದು. ಊರಿನ ಹೆಸರುಗಳಲ್ಲಿಯೂ ಇದೇ ಲಕ್ಷಣ. ದೆರ್ಬಿನ್‌ಸ್ಕೊಯೆ ಎಂಬ ಗ್ರಾಮಕ್ಕೆ ಆ ಹೆಸರು ಬಂದುದು ಕೈದಿಗಳ ಮೇಲೆ ಕ್ರೌರ್ಯವನ್ನು ನಡೆಸಿ ಅದರಿಂದಲೇ ಹತನಾದ ದೆರ್ಬಿನ್ ಎಂಬ ಅಧಿಕಾರಿಯಿಂದ. ಕೊಲೆಯಾದವನ ನೆನಪಿಗೆ ಊರು ನಿಂತಿತು. ಆ ಊರಿನಲ್ಲಿ ಬಾಳಬೇಕಾದವರು ಕೈದಿಗಳೇ.

ಹೀಗೆ ಭೂಗೋಳವೇ ಕ್ರಮವಾಗಿ ಆಡಳಿತವಾಗುವುದನ್ನು ಗ್ರಂಥದ ರಚನೆಯು ತೋರಿಸುವುದರಿಂದ ಎರಡು ಅರ್ಧಗಳಿಗೂ ಉಪಕ್ರಮೋಪಸಂಹಾರಗಳ ಸಂಬಂಧವುಂಟು. ಆರಂಭದಲ್ಲಿ ಸಮುದ್ರ, ಹಡಗು, ನಕಾಶೆ; ಕೊನೆಯಲ್ಲಿ ವೈದ್ಯಶಾಲೆ, ಮೊಂಡಾದ ಶಸ್ತ್ರ, ಮರಣದ ಪಟ್ಟಿ. ಲೇಖಕನೂ ಮೊದಲರ್ಧದಲ್ಲಿ ಪ್ರತ್ಯಕ್ಷನಾಗಿದ್ದು, ಉತ್ತರಾರ್ಧದಲ್ಲಿ ಮೆಲ್ಲಮೆಲ್ಲನೆ ಹಿಂದೆ ಸರಿಯುವನು. ಏಕವಾಕ್ಯತೆಯಿಲ್ಲವೆಂಬ ಆಕ್ಷೇಪವು ಆದಕಾರಣ ನಿಲ್ಲುವುದಿಲ್ಲ.

೫

ಇನ್ನು ರಸದ ಪ್ರಶ್ನೆ. ಗ್ರಂಥದಲ್ಲಿ ವಿಲಾಪವಿಲ್ಲ; ಉದ್ಗಾರಗಳು ಅತಿವಿರಳ. ಹಾಗಿದ್ದೂ ಕರುಣವು ಹೇಗೆ ಉಂಟಾಗುವುದು?

ಮೂರನೆಯ ಅಧ್ಯಾಯದಲ್ಲಿ ಒಕ್ಕಲಿಗರ ಮನೆಯೊಂದರ ಸಾಮಾನ್ಯಲಕ್ಷಣವನ್ನು ಹೇಳುವ ಭಾಗವನ್ನು ನೋಡಬೇಕು. ಅಲ್ಲಿ ಚೆಕಾವನು ಮನೆಯಲ್ಲಿ ಏನಿದೆಯೆಂಬುದಕ್ಕಿಂತ ಏನಿಲ್ಲವೆಂಬುದನ್ನು ಎಣಿಸುವನು. ಅಜ್ಜ ಅಜ್ಜಿಯರಿಲ್ಲ, ಹಿರಿಯರ ಕಾಲದ ಪೀಠೋಪಕರಣವಿಲ್ಲ, ಹಳೆಯ ದೇವರಪಟಗಳಿಲ್ಲ, ಬೆಕ್ಕಿಲ್ಲ, ಚಳಿಗಾಲದ ಸಂಜೆಯಲ್ಲಿ ಮಿಡತೆಯ ದನಿಯಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ತಾಯ್ನೆಲವಿಲ್ಲ. ಇದು ಆತನ ಎಣಿಕೆಯ ತಾತ್ಪರ್ಯ.

ನ್ಯಾಯವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಗಣಿಸಿದ್ದಾರೆ. ಅಭಾವವು ತಾನಾಗಿ ತೋರದು. ಯಾವುದು ಇಲ್ಲವೋ ಅದರ, ಎಂದರೆ ಪ್ರತಿಯೋಗಿಯ ಜ್ಞಾನವಿದ್ದವನಿಗೇ ತೋರುವುದು. ಗಡಿಗೆಯನ್ನು ಅರಿಯದವನಿಗೆ ನೆಲದಲ್ಲಿ ಗಡಿಗೆಯಿಲ್ಲವೆಂಬ ತಿಳಿವು ಹುಟ್ಟುವುದಿಲ್ಲ. ಈ ಮನೆಯಲ್ಲಿ ಮಿಡತೆಯಿಲ್ಲವೆಂದು ಯಾವನಿಗೆ ತಿಳಿಯುವುದು? ಮಿಡತೆ ಕೂಗುವ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ. ಆದುದರಿಂದ ಆ ಪಟ್ಟಿಯನ್ನು ಓದುವಾಗ ವಾಚಕನ ಚಿತ್ತದಲ್ಲಿ ಎರಡು ಮನೆಗಳು ನಿಲ್ಲುವುವು: ಕಣ್ಣೆದುರಿಗಿರುವ ಬರಿಯ ಗುಡಿಸಲೊಂದು, ಸಾವಿರಾರು ಮೈಲಿಗಳಾಚೆ ಬಿಟ್ಟುಬಂದ ರಷ್ಯದ ಹಳ್ಳಿಮನೆಯೊಂದು. ಎರಡನೆಯದನ್ನು ಲೇಖಕನು ವರ್ಣಿಸಿಯೇ ಇಲ್ಲ. ‘ಇಲ್ಲ’ ಎಂಬ ಪದವೇ ಅದನ್ನು ವ್ಯಂಜಿಸಿತು. ವಾಚ್ಯವಾದುದು ಸಾಮಾನುಗಳ ಪಟ್ಟಿ, ವ್ಯಂಗ್ಯವಾದುದು ಶೋಕ. ಧ್ವನಿಕಾರನ ಮತದಂತೆ ಇದಕ್ಕಿಂತ ಬೇರೆ ಕಾವ್ಯಲಕ್ಷಣವು ಬೇಕಿಲ್ಲ.

ಕನ್ನಡದ ಪ್ರೌಢಕಾವ್ಯಗಳಲ್ಲಿ ನಾಡಿನ ವರ್ಣನೆಯು ಅಷ್ಟಾದಶ ವರ್ಣನೆಗಳ ಜೊತೆಗೆ ವಾಡಿಕೆಯಾಗಿ ಬರುವುದು. ಅಲ್ಲಿ ಕೆರೆ, ಗದ್ದೆ, ತೋಟ, ಗಿಳಿ, ಕೋಗಿಲೆ, ದಾರಿಹೋಕರಿಗೆ ನೆರಳು, ಎಲ್ಲವೂ ತುಂಬಿದ್ದೇ ಇರುವುದು. ಪಂಪನು ಬನವಾಸಿಯನ್ನು ನೆನೆದ ಪದ್ಯಗಳು ವಾಡಿಕೆಯನ್ನು ಮೀರಿ ಹೃದಯವನ್ನು ಮುಟ್ಟುವುದು ಅಲ್ಲಿ ನಾಡು ತುಂಬಿರುವುದರಿಂದಷ್ಟೇ ಅಲ್ಲ, ನೆನೆಯುವವನಿಗೆ ಅದು ತನ್ನದಾಗಿರುವುದರಿಂದ. ಸಖಾಲಿನ್ನಿನ ಒಕ್ಕಲಿಗನಿಗೆ ನೆನೆಯಲು ನಾಡಿದೆ, ಅಲ್ಲಿಗೆ ಹೋಗುವಂತಿಲ್ಲ. ಇರಲು ನಾಡಿದೆ, ಅದನ್ನು ನೆನೆಯುವ ಮನಸ್ಸಿಲ್ಲ. ನಾಡಿನ ವರ್ಣನೆಯೆಂಬ ಕವಿಸಮಯವನ್ನು ತಿರುವಿಹಾಕಿದರೆ ಯಾವ ರೂಪವು ದೊರೆಯುವುದೋ ಅದು ಈ ಗ್ರಂಥದಲ್ಲಿದೆ.

ಅಂಕಿಗಳ ವಿಷಯದಲ್ಲಿಯೂ ಇದೇ ನ್ಯಾಯ. ಅಲೆಕ್ಸಾಂದ್ರೊವ್‌ಸ್ಕಿನ ಹವೆಯನ್ನು ಹೇಳುವಾಗ ವರ್ಷದ ಸರಾಸರಿ ಉಷ್ಣಮಾನವು ಸೊನ್ನೆಯ ಆಸುಪಾಸೆಂದೂ, ವರ್ಷದಲ್ಲಿ ಹಿಮ ಬೀಳುವ ದಿನಗಳು ೧೦೭, ಮಳೆಯ ದಿನಗಳು ೮೨, ಒಟ್ಟು ೧೮೯ ಎಂದೂ ಕೊಡುವನು. ಈ ಅಂಕಿಗಳನ್ನು ಬರಿಯ ಹವಾಮಾನವೆಂದು ಓದಿ ಮುಂದೆ ಹೋದವನಿಗೆ ನೂರು ಪುಟಗಳ ಮೇಲೆ ಅವು ಮತ್ತೆ ಎದುರಾಗುವುವು: ಮಾಗದ ತೆನೆಯಾಗಿ, ಒಣಗದ ಬಟ್ಟೆಯಾಗಿ, ತೇವದ ಸೆರೆಮನೆಯ ಕೆಮ್ಮಾಗಿ. ಎಣಿಕೆಯೇ ಇಲ್ಲಿ ವಿಭಾವದ ಕೆಲಸವನ್ನು ಮಾಡುವುದು.

ಎಣಿಕೆಯ ಇನ್ನೊಂದು ಮುಖವು ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ತೋರುವುದು. ಪಲಾಯನಮಾಡಿದ ಕೈದಿಯೊಬ್ಬನಿಗೆ ತೊಂಬತ್ತು ಏಟುಗಳ ಶಿಕ್ಷೆ. ಹೊಡೆಯುವವನು ಹೊಡೆಯುವನು, ಮೇಲ್ವಿಚಾರಕನೊಬ್ಬನು ಗಟ್ಟಿಯಾಗಿ ಎಣಿಸುವನು, ವೈದ್ಯನು ಪಕ್ಕದಲ್ಲಿರುವನು. ಬಹಳ ಹೊತ್ತಾಯಿತೆಂದು ಲೇಖಕನಿಗೆ ತೋರುವಲ್ಲಿ ಎಣಿಕೆಯು ಇನ್ನೂ ಅರ್ಧವನ್ನು ಮುಟ್ಟಿಲ್ಲ; ತಡೆಯಲಾರದೆ ಆತನು ಹೊರಕ್ಕೆ ಹೋಗುವನು. ಆ ಅಧಿಕಾರಿಯೂ ಎಣಿಸುವನು. ಚೀಟಿಗಳನ್ನು ತುಂಬಿದ ಚೆಕಾವನೂ ಎಣಿಸಿದವನೇ. ಒಬ್ಬನ ಎಣಿಕೆಯಲ್ಲಿ ಮನುಷ್ಯನು ಮರೆಯಾಗಿ ಏಟುಗಳು ಉಳಿಯುವುವು; ಇನ್ನೊಬ್ಬನ ಎಣಿಕೆಯಲ್ಲಿ ಸಂಖ್ಯೆಯ ಹಿಂದೆ ಹೆಸರು, ಊರು, ವಯಸ್ಸುಗಳು ಉಳಿಯುವುವು. ಆದಕಾರಣ ಎಣಿಕೆಯಿರುವಲ್ಲಿ ಕಾವ್ಯವಿರದೆಂಬ ಮಾತು ಸಾಧುವಲ್ಲ. ಯಾವುದನ್ನು, ಯಾರಿಗಾಗಿ ಎಣಿಸುವುದೆಂಬುದರ ಮೇಲೆ ಎಲ್ಲವೂ ನಿಂತಿದೆ.

ಮಕ್ಕಳನ್ನು ಕುರಿತ ಭಾಗದಲ್ಲಿ ಇದು ಪರಾಕಾಷ್ಠೆಯನ್ನು ಮುಟ್ಟುವುದು. ಹತ್ತರ ಆಸುಪಾಸಿನ ಹುಡುಗನೊಬ್ಬನನ್ನು ತಂದೆಯ ಹೆಸರೇನೆಂದು ಚೀಟಿಗಾಗಿ ಕೇಳುವನು. ಹುಡುಗನಿಗೆ ತಿಳಿಯದು, ಮನೆಯಲ್ಲಿರುವವನು ನಿಜವಾದ ತಂದೆಯಲ್ಲವೆನ್ನುವನು. ತಾಯಿಯು ಗಂಡನ ದೆಸೆಯಿಂದ ಬಂದಳೆಂದು ಹೇಳಿ, ಹಾಗೆಂದರೇನೆಂದು ಕೇಳಲು, ಅವನನ್ನು ಕೊಂದಳೆಂದು ತಿಳಿಸುವನು. ಲೇಖಕನು ಒಂದು ಮಾತನ್ನೂ ಸೇರಿಸುವುದಿಲ್ಲ. ಖಾನೇಷುಮಾರಿಯ ಒಂದು ಅಂಕಣಕ್ಕೆ ಬಂದ ಉತ್ತರವೇ ಇಲ್ಲಿ ದುರಂತಕಥೆಯಾಗಿದೆ.

೬

ಈಗ ಆಡಳಿತವನ್ನು ಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಬರಿದಾದ ನೆಲದಲ್ಲಿ ಒಕ್ಕಲನ್ನು ನಿಲ್ಲಿಸುವ ವಿಷಯವು ಕೌಟಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ‘ಜನಪದನಿವೇಶ’ವೆಂಬ ಮೊದಲ ಅಧ್ಯಾಯದಲ್ಲಿದೆ. ಆ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳ ಉಪಕಾರವನ್ನು ವಿದ್ವಾಂಸರೆಲ್ಲ ಬಲ್ಲರು. ಕೌಟಲ್ಯನದು ವಿಧಿರೂಪ, ಚೆಕಾವನದು ಸಿದ್ಧಾರ್ಥರೂಪ. ದೇಶಕಾಲಗಳೂ ಅತ್ಯಂತ ಭಿನ್ನ. ಆದುದರಿಂದ ಹೋಲಿಕೆಯನ್ನು ಮಿತಿಯರಿತು ಮಾಡಬೇಕು. ಪ್ರಾಚೀನರೇ ಮೇಲೆಂದು ಸಾಧಿಸುವುದು ಇದರ ಗುರಿಯಲ್ಲ. ಕೌಟಲ್ಯನ ಕಣ್ಣು ಮುಖ್ಯವಾಗಿ ಬೊಕ್ಕಸದ ಮೇಲೆ, ದಯೆಯ ಮೇಲಲ್ಲ. ಇದರಿಂದಲೇ ಆತನ ಸಾಕ್ಷ್ಯಕ್ಕೆ ಇಲ್ಲಿ ಬೆಲೆ ಹೆಚ್ಚು. ಸಖಾಲಿನ್ನಿನ ಆಡಳಿತವು ಅತ್ಯುನ್ನತವಾದ ಧರ್ಮದ ಪರೀಕ್ಷೆಯಲ್ಲಿ ಸೋತಿತೆಂದರೆ ಅಚ್ಚರಿಯಿಲ್ಲ. ಬರಿಯ ಲಾಭದ ಪರೀಕ್ಷೆಯಲ್ಲಿಯೂ ಸೋತಿತೆಂಬುದು ವಿಚಾರಣೀಯ.

ಕೌಟಲ್ಯನು ಗ್ರಾಮವನ್ನು ಕುಲಗಳಿಂದ ಅಳೆಯುವನು: ನೂರು ಕುಲಕ್ಕೆ ಕಡಿಮೆಯಿಲ್ಲದೆ ಐನೂರಕ್ಕೆ ಮೀರದೆ, ಗ್ರಾಮಗಳು ಒಂದನ್ನೊಂದು ಕಾಪಾಡುವಷ್ಟು ಹತ್ತಿರವಾಗಿರಬೇಕು. ಸಖಾಲಿನ್ನಿನಲ್ಲಿ ಮಾನವು ಕುಲವಲ್ಲ, ತಲೆ. ಶಿಕ್ಷೆ ತೀರಿದ ಒಬ್ಬಂಟಿಗನನ್ನು ಒಂದು ನಿವೇಶನಕ್ಕೆ ಕಳುಹಿಸಿ ಆತನನ್ನು ‘ಗೃಹಸ್ಥ’ನೆಂದು ಬರೆದುಕೊಳ್ಳುವರು. ನೆಲವು ಸಾಲದಾದಾಗ ಅದೇ ನಿವೇಶನಕ್ಕೆ ಇನ್ನೊಬ್ಬನನ್ನು ಪಾಲುಗಾರನನ್ನಾಗಿ ಸೇರಿಸುವರು. ಶಿಕ್ಷೆಗೊಳಗಾಗಿ ಬಂದ ಸ್ತ್ರೀಯರನ್ನು ಒಕ್ಕಲಿಗರಿಗೆ ಹಂಚಿಕೊಡುವ ಪದ್ಧತಿಯಿತ್ತು. ಕುಟುಂಬವು ಹುಟ್ಟುವ ಬದಲು ಕುಟುಂಬದ ಹೆಸರು ಮಾತ್ರ ಹುಟ್ಟಿತು. ಚೆಕಾವನ ಚೀಟಿಗಳ ಲೆಕ್ಕದಂತೆ ನೆಲವನ್ನು ಹಂಚಿದರೆ ತಲೆಗೆ ಏಳು ಚದರ ಕಿಲೋಮೀಟರಿಗೂ ಹೆಚ್ಚು ಬರುವ ದ್ವೀಪದಲ್ಲಿ ಗ್ರಾಮಗಳು ಇಕ್ಕಟ್ಟಿನಿಂದ ನರಳುತ್ತಿದ್ದುವು, ಸೆರೆಮನೆಗಳಲ್ಲಿ ಒಂದೇ ಹಲಗೆಯ ಮೇಲೆ ಸಾಲಾಗಿ ಮಲಗುತ್ತಿದ್ದರು. ಜನವಿರಳತೆಯು ನೆಲದ ಗುಣವಾಗಿತ್ತು. ಜನದಟ್ಟಣೆಯು ಆಡಳಿತದ ಗುಣವಾಗಿತ್ತು. ಈ ವೈಪರೀತ್ಯವನ್ನು ಕಾಣಲು ಪಟವೂ ಸಾಲದು, ಕಡತವೂ ಸಾಲದು. ಮನೆಯ ಬಾಗಿಲನ್ನು ತಟ್ಟಬೇಕು.

ಎರಡನೆಯದು ನೆಲದ ಹಕ್ಕು. ಹೊಸ ನೆಲವನ್ನು ಹಸನುಮಾಡುವವನಿಂದ ಅದನ್ನು ಕಿತ್ತುಕೊಳ್ಳಬಾರದು, ಬೀಜ ದನ ಹಣಗಳಿಂದ ನೆರವಾಗಿ ಅನುಕೂಲವಾದಾಗ ಹಿಂದಕ್ಕೆ ಪಡೆಯಬೇಕು ಎಂಬುದು ಕೌಟಲ್ಯನ ಅಭಿಪ್ರಾಯ. ಸಖಾಲಿನ್ನಿನಲ್ಲಿಯೂ ಬೀಜ ದನಗಳ ಸಾಲವಿತ್ತು. ಆದರೆ ಹತ್ತು ವರ್ಷಗಳ ಮೇಲೆ ಬಿಟ್ಟುಹೋಗುವ ಹಕ್ಕೇ ಅಲ್ಲಿ ಉತ್ತಮವಾದ ಬಹುಮಾನವೆಂದು ಎಣಿಸಲ್ಪಟ್ಟಿತ್ತು. ಬಿಡುಗಡೆಯೇ ಫಲವಾಗಿರುವ ಹೊಲದಲ್ಲಿ ಯಾವನು ಮರವನ್ನು ನೆಡುವನು? ದಂಡನೆಯ ಉದ್ದೇಶಕ್ಕೂ ನಿವೇಶನದ ಉದ್ದೇಶಕ್ಕೂ ವಿರೋಧವಿರುವುದು ಇಲ್ಲಿ ಸ್ಪಷ್ಟ. ದಂಡನೆಗೆ ಆ ಸ್ಥಳವು ಭಯಾನಕವಾಗಿರಬೇಕು. ನಿವೇಶನಕ್ಕೆ ಅದು ಪ್ರಿಯವಾಗಿರಬೇಕು. ಒಂದೇ ಸ್ಥಳವು ಎರಡೂ ಆಗಲಾರದು.

ಮೂರನೆಯದು ಅಧಿಕಾರಿಗಳ ಜ್ಞಾನ. ೧೮೭೦ರ ದಶಕದ ಆರಂಭದಲ್ಲಿ ಮಿಟ್ಸುಲ್ ಎಂಬ ಕೃಷಿತಜ್ಞನು ದ್ವೀಪದ ಬೇಸಾಯಯೋಗ್ಯತೆಯನ್ನು ಕುರಿತು ಬಹಳ ಆಶಾವಾದದಿಂದ ಬರೆದನು. ಆತನ ಸತ್ತ್ವವನ್ನು ಗೌರವಿಸುತ್ತಲೇ ಆತನು ಕಂಡುದಕ್ಕಿಂತ ಬಯಸಿದುದೇ ಹೆಚ್ಚೆಂದು ಚೆಕಾವನು ಸೂಚಿಸುವನು. ಒಳ್ಳೆಯವನ ತಪ್ಪು ಕಡತದಲ್ಲಿ ಸೇರಿ ಸಾವಿರಾರು ಜನರ ಹಸಿವಾಗುವ ಬಗೆಯನ್ನು ಇಷ್ಟು ಸೌಜನ್ಯದಿಂದ ತೋರಿಸಿದ ಗ್ರಂಥಗಳು ಕೆಲವೇ. ಜನರಿಲ್ಲದ ಭೂಮಿಯನ್ನು ಹಾಲು ಕರೆಯದ ಗೊಡ್ಡುಹಸುವಿಗೆ ಹೋಲಿಸಿದ ಕೌಟಲ್ಯನಿಗೂ, ಮನೆಯಿಲ್ಲದ ಮನೆಗಳನ್ನು ಎಣಿಸಿದ ಚೆಕಾವನಿಗೂ ಈ ಒಂದು ವಿಷಯದಲ್ಲಿ ಒಮ್ಮತವುಂಟು: ನೆಲಕ್ಕೆ ಜನರನ್ನು ಸುರಿದ ಮಾತ್ರಕ್ಕೆ ಜನಪದವಾಗದು.

೭

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಪೂರ್ವಗ್ರಂಥಗಳಿಂದ ಎತ್ತಿದ ವಿಷಯವು ಅಡಿಟಿಪ್ಪಣಿಗಳಲ್ಲಿ ತುಂಬಿ ಕೆಲವೆಡೆ ಮೇಲಿನ ವಾಕ್ಯವನ್ನೇ ಮುಳುಗಿಸುವುದು. ಇದಕ್ಕಿಂತ ಗುರುತರವಾದುದು ಇನ್ನೊಂದು. ದ್ವೀಪದ ಮೂಲನಿವಾಸಿಗಳಾದ ಗಿಲ್ಯಾಕರನ್ನೂ (ಇಂದು ನಿವ್ಖರೆಂದು ಕರೆಯಲ್ಪಡುವವರು) ಐನುಗಳನ್ನೂ ವರ್ಣಿಸುವಲ್ಲಿ ಚೆಕಾವನು ಹಿಂದಿನ ಪ್ರವಾಸಿಗಳ ಕಣ್ಣುಗಳನ್ನು ಬಹುಮಟ್ಟಿಗೆ ಸಾಲವಾಗಿ ಪಡೆದಿದ್ದಾನೆ. ಓ‌ಡಿಹೋದ ಕೈದಿಗಳನ್ನು ಹಿಡಿಯಲು ಗಿಲ್ಯಾಕರನ್ನು ಕಾವಲುಗಾರರನ್ನಾಗಿ ನೇಮಿಸಿದುದನ್ನು ಆತನು ಖಂಡಿಸಿದುದು ನಿಜ. ಆದರೂ ಮನೆಮನೆಗೆ ಹೋಗಿ ಚೀಟಿಯನ್ನು ತುಂಬಿದ ಶ್ರದ್ಧೆಯು ಅವರ ಗುಡಿಸಲಿನವರೆಗೆ ಹೋಗಲಿಲ್ಲ. ನಿರ್ಜನವೆಂದು ಸರ್ಕಾರವು ಬಗೆದ ನೆಲದಲ್ಲಿ ಜನರು ಮೊದಲೇ ಇದ್ದರು. ಗ್ರಂಥವು ಇದನ್ನು ಬಲ್ಲುದು, ಹೇಳುವುದು, ಆದರೆ ಇದನ್ನು ತನ್ನ ನಡುವಿನಲ್ಲಿ ಇರಿಸುವುದಿಲ್ಲ. ಅಭಾವವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಲೇಖಕನಿಗೆ ಈ ಭಾವವು ಅಂಚಿನಲ್ಲಿ ಉಳಿದುದು ಕೊರತೆಯೇ.

೮

ರಷ್ಯ–ಜಪಾನು ಯುದ್ಧದ ತರುವಾಯ ೧೯೦೫ರಲ್ಲಿ ದ್ವೀಪದ ದಕ್ಷಿಣಾರ್ಧವು ಜಪಾನಿನ ವಶವಾಯಿತು. ೧೯೦೬ರಲ್ಲಿ ಅಲ್ಲಿನ ಕಠಿಣಶಿಕ್ಷೆಯ ವ್ಯವಸ್ಥೆಯು ರದ್ದಾಯಿತು. ೧೯೪೫ರಲ್ಲಿ ಸೋವಿಯೆತ್ ಸೇನೆಯು ದಕ್ಷಿಣಭಾಗವನ್ನು ಮತ್ತೆ ಆಕ್ರಮಿಸಿತು. ಇಂದು ಸಖಾಲಿನ್ ಕುರಿಲ್ ದ್ವೀಪಗಳೊಡನೆ ಸೇರಿ ರಷ್ಯದ ಒಂದು ಪ್ರಾಂತವಾಗಿದೆ. ಕಲ್ಲೆಣ್ಣೆ ಮತ್ತು ಅನಿಲ ಅದರ ಮುಖ್ಯವಾದ ಸಂಪತ್ತು. ೨೦೨೧ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ನಾಲ್ಕೂವರೆ ಲಕ್ಷಕ್ಕೂ ಮೇಲು. ಚೆಕಾವನು ಕಂಡ ಆಡಳಿತವು ಅಳಿದು ನೂರು ವರ್ಷಗಳಿಗೂ ಹೆಚ್ಚಾಯಿತು.

ಎರಡನೆಯ ಪಕ್ಷದವರು ಹೇಳುವಂತೆ ಪ್ರಯೋಜನವು ಮುಗಿದಂತೆ ಪುಸ್ತಕವೂ ಮುಗಿಯುವುದಾಗಿದ್ದರೆ ಇದು ಈಗ ಗ್ರಂಥಾಲಯದ ಧೂಳಾಗಿರಬೇಕಾಗಿತ್ತು. ಹಾಗಾಗಲಿಲ್ಲ. ಸೆರೆಮನೆಗಳು ಹೋದುವು, ‘ಇಲ್ಲ’ಗಳ ಆ ಪಟ್ಟಿಯು ಉಳಿಯಿತು. ದೂರದ ಜನವಿರಳವಾದ ಸೀಮೆಗಳನ್ನು ಕಚೇರಿಯ ಪಟದಿಂದ ಆಳುವ ರೂಢಿಯು ಯಾವ ಒಂದು ರಾಜ್ಯಕ್ಕೂ ಒಂದು ಕಾಲಕ್ಕೂ ಸೇರಿದುದಲ್ಲವಾದುದರಿಂದ, ಈ ಗ್ರಂಥಕ್ಕೆ ವಾಚಕರೂ ಇಲ್ಲದೆಹೋಗರು.

ಚೆಕಾವನು ತನ್ನ ಈ ಕೃತಿಯನ್ನು ತನ್ನ ಕಥೆಗಳ ನಡುವೆ ಇರುವ ಕೈದಿಯ ಒರಟು ಅಂಗಿಗೆ ಹೋಲಿಸಿ, ಅದು ಅಲ್ಲಿರುವುದಕ್ಕೆ ಸಂತೋಷಪಟ್ಟನು. ಅಲಂಕಾರಶಾಸ್ತ್ರವನ್ನು ಬೋಧಿಸುವವರು ನಾಡಿನ ವರ್ಣನೆಗೆ ಉದಾಹರಣೆಗಳನ್ನು ಕೊಡುವಾಗ, ತುಂಬಿದ ನಾಡುಗಳ ಪಕ್ಕದಲ್ಲಿ ಈ ಬರಿದಾದ ನಾಡನ್ನೂ ಇರಿಸಿದರೆ, ವರ್ಣನೆಯೆಂಬುದು ಸಂಪತ್ತಿನ ಪಟ್ಟಿಯಲ್ಲ, ಕಂಡುದಕ್ಕೆ ಹೊಣೆಯಾಗುವ ಕೆಲಸವೆಂಬುದು ವಿದ್ಯಾರ್ಥಿಗಳಿಗೆ ಸುಲಭವಾಗಿ ಮನದಟ್ಟಾದೀತು.